ಐದು ನಿಮಿಷ ಮುಂದೆ

ಏನು ಕಾರ್ಖಾನೆ ಎಂದು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.
ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವಾಗ
ಎಡಕ್ಕೆ ನೀಲಗಿರಿ ತೋಪು, ಆಮೇಲೆ ಒಂದು ಗೋಡೆ.
ಅಷ್ಟು ಹೇಳಿದರೆ ತಪ್ಪಿಲ್ಲ, ಬಸ್ಸಿನವರಿಗೂ ಗೊತ್ತು.

ಗೇಟಿನಲ್ಲಿ ಗಂಗುಲಪ್ಪನವರು ಫೋನು ಇಸಿದುಕೊಂಡರು,
ಕೈಗಡಿಯಾರವನ್ನೂ. ಅದು ಬರೀ ಗಡಿಯಾರವಲ್ಲವಂತೆ,
ನನ್ನ ನಾಡಿಯ ಚಾಡಿಯನ್ನು ಎಲ್ಲಿಗೋ ಹೇಳುತ್ತದಂತೆ.
ಉಳಿದದ್ದು ಒಂದು ಡಿಸ್ಕು, ಅಂಗೈಯಗಲ.
ರಾತ್ರಿಯೆಲ್ಲ ಲಾಡ್ಜಿನಲ್ಲಿ ಕೂತು ಇಳಿಸಿಕೊಂಡಿದ್ದೆ
ಸಾವಿರದ ನೂರ ಹದಿನಾಲ್ಕು ಕಡತ,
ಬುತ್ತಿ ಕಟ್ಟಿದ ಹಾಗೆ. ಉಪ್ಪು ಸಮೇತ, ಅಂದುಕೊಂಡಿದ್ದೆ.
ಜರಡಿ ಹಿಡಿಯುವ ಯಂತ್ರಕ್ಕೆ ಅದನ್ನು ಚುಚ್ಚಿ
ಪುಸ್ತಕದಲ್ಲಿ ಬರೆದರು: ಕಪ್ಪು ಡಬ್ಬಿ, ಒಂದು.

ಹೊರಗೆ ವೈಶಾಖ, ಒಳಗೆ ಪುಷ್ಯದ ಚಳಿ.
ಮೂರು ಸರ್ವರುಗಳು,
ಹುಟ್ಟಿದಾಗಿನಿಂದ ಇಂಟರ್ನೆಟ್ಟಿನ ಮುಖ ಕಂಡವಲ್ಲ.
ಅವಕ್ಕೆ ಲೋಕವೆಂದರೆ ಯಾರೋ ಕೈಯಲ್ಲಿ ತಂದುಕೊಟ್ಟಷ್ಟೇ.

ಅರ್ಧ ದಾರಿಗೆ ಪರದೆ ನಿಂತಿತು:
ಇಂಥದೊಂದು ಲೈಬ್ರರಿ ಇಲ್ಲದೆ ನಾನು ಬರುವುದಿಲ್ಲ.
ನಲವತ್ತು ಕೆ.ಬಿ. ಅಷ್ಟೇ,
ಬೋಂಡ ಕಟ್ಟಿದ ಕಾಗದದ ಎಣ್ಣೆಗಿಂತ ಹಗುರ.
ಹೊರಗೆ ಬಂದೆ, ಸಹಿ. ಟೀ ಅಂಗಡಿಯವರೆಗೆ ನಡೆದೆ, ಸಿಗ್ನಲ್ಲು ಅಲ್ಲೇ ಸಿಗುವುದು.
ತಂದೆ. ಜರಡಿ. ಸಹಿ.
ಬಂತು ಅದು, ಬಂದು ಅಕ್ಕಪಕ್ಕ ನೋಡಿ ಕೇಳಿತು:
ನನ್ನ ಜೊತೆಯವಳೆಲ್ಲಿ?

‘ಮದುವೆಗೆ ಕರೆದಂಗಾಯ್ತಲ್ಲಮ್ಮ,’ ಅಂದರು ಗಂಗುಲಪ್ಪನವರು ಮೂರನೆಯ ಸಲ,
‘ಅತ್ತೆಗೆ ಹೇಳಿದರೆ ನಾದಿನಿಗೆ ಹೇಳಿದ್ರಾ ಅಂತಾಳೆ,
ನಾದಿನಿ ಮನೆಗೆ ಹೋದರೆ ಅವಳ ಓರಗಿತ್ತಿ
ಬಾಗಿಲಲ್ಲೇ ಮುಖ ಊದಿಸ್ಕೊಂಡು ನಿಂತಿರ್ತಾಳೆ.’

ಸಿಟ್ಟು ಬರಲಿಲ್ಲ. ಇಂಥ ಬಾಗಿಲು ನನಗೆ ಹೊಸದಲ್ಲ.
ದೊಡ್ಡಮ್ಮ ಅಕ್ಕಯಮ್ಮನ ಹುಳುಮನೆಯ ಹೊಸಿಲಲ್ಲಿ
ಬ್ಲೀಚಿಂಗ್ ಪುಡಿ ಕದಡಿದ ಟ್ರೇ. ಕಾಲು ಅದ್ದದೆ ಯಾರೂ ಒಳಗಿಲ್ಲ.
ರೇಷ್ಮೆ ಇಲಾಖೆ ಸಾಹೇಬರ ಬೂಟನ್ನೂ ಬಿಚ್ಚಿಸಿದವಳು.
ಕಿಟಕಿಗೆಲ್ಲ ನೈಲಾನ್ ಬಲೆ, ಊಜಿ ನೊಣಕ್ಕೆ.
ಆದರೂ ಒಂದು ಬೆಳೆ. ನನಗೆಂಟು ವರ್ಷ.
ಹುಳುವಿಗೆ ಹಸಿವೆಂದು ಪಕ್ಕದ ತೋಟದ ಸೊಪ್ಪು
ಮಡಿಲು ತುಂಬ ತಂದು ಯಾರೂ ಕಾಣದಂತೆ ಹಾಕಿದೆ.
ನಾಲ್ಕನೆಯ ಜ್ವರಕ್ಕೆ ಕೂತವು ಏಳಲಿಲ್ಲ.
ತಟ್ಟೆ ತಟ್ಟೆಯನ್ನೇ ಹೊತ್ತು ಗುಂಡಿಗೆ ಸುರಿದಳು.
ಯಾರು ತಂದದ್ದೆಂದು ಕೇಳಲಿಲ್ಲ.
ಮುಂದಿನ ಬೆಳೆಗೆ ಹೊಸಿಲಲ್ಲಿ ಟ್ರೇ ಎರಡಾಗಿದ್ದವು,
ಒಂದು ಚಿಕ್ಕದು.

ನಾಲ್ಕನೆಯ ಸಲ ಎಲ್ಲರೂ ಬಂದರು, ಎಲ್ಲರೂ ಒಪ್ಪಿದರು.
ಆಗ ಹೊಸ ತಕರಾರು:
ಈ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ, ನಂಬಲಾರೆ.
ನೋಡಿದರೆ ಯಂತ್ರದ ಲೆಕ್ಕದಲ್ಲಿ ಇನ್ನೂ ಹೋದ ವರ್ಷದ ಸಂಕ್ರಾಂತಿ.
ಗುಂಡಿಯಗಲದ ಬ್ಯಾಟರಿ ಯಾವಾಗಲೋ ಸತ್ತಿತ್ತು,
ಹೊತ್ತು ಹೇಳುವವರು ಎಲ್ಲಿಂದ ಬರಬೇಕು ಈ ಕೋಣೆಗೆ?
ನನ್ನ ಗಡಿಯಾರ ಗೇಟಿನಲ್ಲಿ.
ಬಾಗಿಲು ತೆಗೆದು ಕೂಗಿದೆ: ‘ಗಂಗುಲಪ್ನೋರೇ, ಟೈಮೆಷ್ಟು?’
ಕಾರಿಡಾರಿನ ಆ ತುದಿಯಿಂದ: ‘ಐದೂ ಇಪ್ಪತ್ತು!’
ಹಾಗೇ ಬೆರಳಚ್ಚಿಸಿದೆ.

ಎದ್ದವು.
ಒಂದು ಕಬ್ಬಿಣದ ಹೊಟ್ಟೆಯಲ್ಲಿ ಒಂಬತ್ತು ಯಂತ್ರ,
ಒಂದೊಂದಕ್ಕೂ ತನ್ನದೇ ನೆನಪು, ತನ್ನದೇ ಬೀಗ,
ಮಗ್ಗುಲಲ್ಲಿ ಇನ್ನೊಂದು ಉಸಿರಾಡುವುದು ಯಾವುದಕ್ಕೂ ಗೊತ್ತಿಲ್ಲ.
ಚಂದ್ರಿಕೆಗೆ ಬಿಟ್ಟ ಹಣ್ಣುಹುಳುಗಳೂ ಹೀಗೇ,
ಬಿದಿರಿನ ಒಂದೇ ಸುತ್ತಿನಲ್ಲಿ ಎರಡು ಬೆರಳು ಜಾಗ ಹಿಡಿದು
ತಲೆಯಾಡಿಸುತ್ತಾ ಮನೆ ಕಟ್ಟಿಕೊಳ್ಳುತ್ತವೆ,
ಊರೆಲ್ಲ ತಾನೊಂದೇ ಎಂಬಂತೆ.

ಗೇಟಿಗೆ ಬಂದು ಫೋನು ತೆರೆದೆ. ಗೋಡೆ ನೋಡಿದೆ. ಮತ್ತೆ ಫೋನು.
‘ಐದು ನಿಮಿಷ ಮುಂದಿದೆ,’ ಅಂದರು, ‘ಬೇಕಂತಲೇ ಇಟ್ಟಿರೋದು,
ಶಿಫ್ಟಿನವರು ಬೇಗ ಬರಲಿ ಅಂತ.’
ಹಿಂದಿರುಗಿ ತಿದ್ದಬಹುದಿತ್ತು. ಇನ್ನೊಂದು ಸಹಿ, ಇನ್ನೊಂದು ಜರಡಿ.
ಒಳಗೆ ಒಂಬತ್ತೂ ಆಗಲೇ ಒಂದೇ ಹೊತ್ತಿಗೆ ಒಪ್ಪಿ
ಕೆಲಸಕ್ಕೆ ಕೂತಿದ್ದವು.

ಪೆನ್ನು ಚಾಚಿದರು.
ಹೊರಗೆ ಹೋದ ವೇಳೆ ಎಂಬ ಕಲಮಿನಲ್ಲಿ,
ತುಸು ತಡೆದು,
ಅವರ ಹೊತ್ತನ್ನೇ ಬರೆದೆ.